ಬೇಡ ಅನ್ನೋರು

ದೊಡ್ಡಣ್ಣನ ಶ್ರದ್ಧಾಂಜಲಿ ಸಭೆಗೆ ಕಾರ್ಖಾನೆ ಗೇಟಿನ ಮುಂದಿನ ಬಯಲು ಕಿಕ್ಕಿರಿದಿತ್ತು. ಶಾಸನಸಭೆಯ ಕುರ್ಚಿ ಸಿಕ್ಕಿದ ಮೇಲೂ ಕಾರ್ಮಿಕ ಸಂಘದ ಬೆಂಚು ಬಿಡದ ಮನುಷ್ಯ. ಊರಿಗೆ ಊರೇ ಅವರನ್ನು ದೊಡ್ಡಣ್ಣ ಅನ್ನುತ್ತಿತ್ತು. ಹೆತ್ತ ಮಗಳೂ ಹಾಗೇ ಕರೆದು ಬೆಳೆದವಳು. ಅಪ್ಪ ಅನ್ನುವುದಕ್ಕೆ ಅವರ ಕಾಲು ಮನೆಯಲ್ಲಿ ನಿಂತರೆ ತಾನೆ!

ಆ ಮಗಳು ಈಗ ವೇದಿಕೆಯ ಮೇಲೆ, ಫೋಟೋದ ಪಕ್ಕ, ಮಿಸುಕಾಡಲೂ ಜಾಗವಿಲ್ಲದಂತೆ ಕೂತಿದ್ದಳು. ಅವಳ ಕಸುಬು ಹಲ್ಲಿನ ಸೆಟ್ ಮಾಡುವುದು. ಕಿಟಕಿ ಪಕ್ಕದ ಮೇಜು, ಮೇಣ, ಅಚ್ಚು, ಸಣ್ಣದೊಂದು ಅರ ಇದ್ದರೆ ಹೊತ್ತು ಹೋದದ್ದೇ ತಿಳಿಯದು. ಎದುರಿಗೆ ಕೂತ ನಿವೃತ್ತ ಕಾರ್ಮಿಕರ ಬಾಯಲ್ಲಿ ಅರ್ಧಕ್ಕರ್ಧ ಹಲ್ಲು ಅವಳದೇ ಕೈಕೆಲಸ. ದೊಡ್ಡಣ್ಣ ಕೊನೆಕೊನೆಯ ಭಾಷಣಗಳಲ್ಲಿ ಗುಡುಗಿದ್ದೂ ಮಗಳು ಕೊಟ್ಟ ಹಲ್ಲಿನಲ್ಲೇ.

ಬೆಳಿಗ್ಗೆ ಸಂಘದ ಕಾರ್ಯದರ್ಶಿ ಮನೆಗೇ ಬಂದಿದ್ದ. ದೊಡ್ಡಣ್ಣನ ಜಾಗದಲ್ಲಿ ಇನ್ನು ಅವಳೇ, ಸಂಘಕ್ಕೂ ಚುನಾವಣೆಗೂ. ಅಂದರೆ ಆ ಮೇಜಿಗೆ ಬೀಗ. ಒಲ್ಲೆ ಅಂದದ್ದನ್ನು ದುಃಖದಲ್ಲಿ ಆಡಿದ ಮಾತು ಅಂತ ಅವನು ಪಕ್ಕಕ್ಕಿಟ್ಟ. ಅವಳೂ ಹೆಚ್ಚು ವಾದಿಸಲಿಲ್ಲ. ದೊಡ್ಡಣ್ಣನದೇ ಒಂದು ಪದ್ಧತಿಯಿತ್ತಲ್ಲ, ಅದನ್ನು ನಂಬಿದ್ದಳು. ಯಾವ ತೀರ್ಮಾನವೇ ಆಗಲಿ, ಒಪ್ಪಿದವರ ಕೈ ಎತ್ತಿಸಿದ ಮೇಲೆ ಅವರು "ಬೇಡ ಅನ್ನೋರು?" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಒಂದೇ ಒಂದು ಕೈ ಎದ್ದರೂ ಆ ಮನುಷ್ಯನನ್ನು ಮೇಲೆ ಕರೆದು ಮೈಕು ಕೊಡುತ್ತಿದ್ದರು.

ಇವತ್ತು ಆ ಕೈ ತನ್ನದು ಅಂದುಕೊಂಡೇ ಅವಳು ಹೊರಟಿದ್ದಳು. ಅಮ್ಮನಿಗೂ ಹೇಳಿದ್ದಳು. ಅಮ್ಮ ಕನ್ನಡಕ ಒರೆಸಿಕೊಳ್ಳುತ್ತ, "ಮನೇಲಿ ಒಂದ್ಸಲಾನೂ ಹಾಗೆ ಕೇಳ್ಲಿಲ್ಲ ಕಣೇ ಆ ಮನುಷ್ಯ," ಅಂದಿದ್ದಳು.

ಹೊಗಳಿಕೆಗಳು ಮುಗಿದವು. ಕಾರ್ಯದರ್ಶಿ ಅವಳ ಹೆಸರು ಸೂಚಿಸಿ, ಒಪ್ಪಿದವರು ಕೈ ಎತ್ತಿ ಅಂದ. ಬಯಲಿಗೆ ಬಯಲೇ ಕೈ ಎತ್ತಿತು. ಅಷ್ಟೇ. ಮೈಕು ಆಫ್ ಮಾಡಿ ಬಂದು ಅವಳ ಪಕ್ಕದಲ್ಲಿ ಕೂತುಬಿಟ್ಟ.

ಅವಳು ಅವನತ್ತ ಬಾಗಿದಳು. "ಬೇಡ ಅನ್ನೋರನ್ನ ಕೇಳ್ಲೇ ಇಲ್ವಲ್ಲ," ಅಂದಳು.

"ನಿಮ್ಮಪ್ಪನ ಹೆಸರಿಗೆ ಬೇಡ ಅನ್ನೋರು ಇಲ್ಲಿ ಯಾರಿದಾರಮ್ಮ?"

ಪ್ರೀತಿಯಿಂದಲೇ ಕೇಳಿದ, ಪಾಪ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು.

ಅಪ್ಪನ ಮೇಲಿನ ಸಿಟ್ಟೂ ಅಕ್ಕರೆಯೂ ಒಟ್ಟಿಗೇ ಉಕ್ಕಿ ಬಂದವು. ಅವಳು ದಡಕ್ಕನೆ ಎದ್ದು ನಿಂತು ಬಲಗೈಯನ್ನು ನೆಟ್ಟಗೆ ಮೇಲೆತ್ತಿದಳು.

ಬಯಲು ಭೋರ್ಗರೆಯಿತು. ದೊಡ್ಡಣ್ಣ ಭಾಷಣ ಮುಗಿಸುವಾಗ ಎತ್ತುತ್ತಿದ್ದದ್ದೂ ಬಲಗೈ, ಹೀಗೇ ನೆಟ್ಟಗೆ. ಅಪ್ಪನ ಕೈಯೇ ಮರಳಿ ಬಂದಿತೆಂದು ಜನ ಅತ್ತರು. ಕಾರ್ಯದರ್ಶಿ ಕಣ್ಣೊರೆಸಿಕೊಂಡು, ಅವಳ ಮಣಿಕಟ್ಟು ಹಿಡಿದು ಕೈಯನ್ನು ಇನ್ನೂ ಮೇಲಕ್ಕೆತ್ತಿದ. ಇಳಿಸಲು ನೋಡಿದಳು, ಬಿಡಲಿಲ್ಲ. ಬೇಡ ಅಂತ ಅರಚಿದಳು, ಅವಳ ಕಿವಿಗೇ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿ ಅಮ್ಮನೊಬ್ಬಳೇ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವಳನ್ನು ನೋಡುತ್ತಿದ್ದಳು.

ಅಮ್ಮನ ಪಕ್ಕದ ಮುದುಕ ಗಂಟಲು ಹರಿಯುವಂತೆ ಅವಳ ಹೆಸರು ಕೂಗುತ್ತಿದ್ದ. ಮೊನ್ನೆಮೊನ್ನೆ ಅವಳೇ ತೇದು ತೇದು ಕೂರಿಸಿಕೊಟ್ಟ ಹಲ್ಲು. ಇವತ್ತೊಂದು ದಿನ ಜಾರಲಿ ಅಂತ ಬೇಡಿಕೊಂಡಳು. ಅದು ಒಂಚೂರೂ ಅಲುಗಾಡಲಿಲ್ಲ.