ಬಸ್ಸು ಬಾರದ ತಂಗುದಾಣ

ಕಡಲ ದಂಡೆಯಲ್ಲಿ ಬಸ್ ತಂಗುದಾಣ ಕಟ್ಟುತ್ತೇನೆ ಎಂದು ಬರೆದು ಕಳಿಸಿದಾಗ ಸಮಿತಿಯವರು ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಒಪ್ಪಿದರು. ಡಿಸೆಂಬರ್ ಕೊನೆಗೆ ಕುಮಟೆಯ ಹತ್ತಿರ ಕಡಲ ಹಬ್ಬ. ಮರಳಿನ ಮೇಲೆ ಏಳು ಕಲಾಕೃತಿಗಳು ಹತ್ತು ದಿನ ನಿಲ್ಲಬೇಕು, ಹನ್ನೊಂದನೆಯ ದಿನ ಗುರುತೂ ಉಳಿಯಬಾರದು. ಗುಂಡಿ ಎರಡಡಿಗಿಂತ ಆಳ ಇರಬಾರದು. ಸಿಮೆಂಟ್ ತರಬಾರದು. ಈ ನಿಯಮಗಳು ನನಗೆ ಹಿಡಿಸಿದವು.

ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಓದಿದವಳು ನಾನು. ಈಗ ಶಿರಸಿಯ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತೇನೆ.

ಕಳೆದ ಫೆಬ್ರವರಿಯಲ್ಲಿ ನನ್ನ ಗಂಡ ನವೀನ ಮತ್ತಿಘಟ್ಟ ರಸ್ತೆಯ ಒಂದು ತಂಗುದಾಣದಲ್ಲಿ ಕೂತಲ್ಲೇ ತೀರಿಕೊಂಡ. ಮೂವತ್ತನಾಲ್ಕು ವರ್ಷ. ಹೃದಯ ನಿಂತಿತ್ತು. ಚಳಿಗೆ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಗೋಡೆಗೆ ಒರಗಿದ್ದ. ಏಳು ಹತ್ತರ ಬಸ್ಸು ಬಂತು, ಹೋಯಿತು. ಎಂಟು ಐದರದ್ದು ಬಂತು, ಹೋಯಿತು. ಒಂಬತ್ತು ಇಪ್ಪತ್ತರದ್ದೂ ಹೋಯಿತು. ಪಕ್ಕದಲ್ಲಿ ಕೂತವರೊಬ್ಬರು ತಮ್ಮ ಚೀಲ ಬೀಳದಂತೆ ಅವನ ಕಾಲಿಗೆ ಒರಗಿಸಿ ಇಟ್ಟಿದ್ದರಂತೆ. ಎಲ್ಲರೂ ನಿದ್ದೆ ಅಂದುಕೊಂಡರು. ಹತ್ತು ಗಂಟೆಗೆ ಕಸ ಗುಡಿಸಲು ಬಂದ ಹೆಂಗಸು 'ಕಾಲೆತ್ತಿ' ಎಂದಳು. ಎತ್ತಲಿಲ್ಲ.

ಎಂಟೂವರೆಗೆ ನವೀನನ ಅಣ್ಣ ಸುಭಾಷ್ ಅದೇ ರಸ್ತೆಯಲ್ಲಿ ಬೈಕಿನಲ್ಲಿ ಹೋಗಿದ್ದರು. ತಮ್ಮನನ್ನು ನೋಡಿ, ಹಾರ್ನ್ ಹೊಡೆದು, ಮುಂದೆ ಹೋದರು. ಮೂರನೆಯ ದಿನ ಅಂಗಳದಲ್ಲಿ ನಿಂತು ಇದನ್ನು ಅವರೇ ಹೇಳಿದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಬೇಗ ಎಬ್ಬಿಸಿದ್ದರೆ ಉಳಿಯುತ್ತಿದ್ದನೇ ಎಂದು ನಾನು ಡಾಕ್ಟರರನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಾನು ಅತ್ತಿಲ್ಲ. ಊರಿನವರಿಗೆ ಅದೂ ಒಂದು ದೂರು.

ಯಲ್ಲಾಪುರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಇಸಾಕ್ ನನ್ನ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದ.

"ರೋಡಿಲ್ಲ, ಬಸ್ಸಿಲ್ಲ, ಸ್ಟಾಪ್ ಮಾತ್ರ. ಇಂಥದ್ದು ಬೇಕಾದಷ್ಟು ಇದಾವಲ್ಲ ಮೇಡಂ, ನೀವೊಂದು ಬೇರೆ ಯಾಕೆ?"

"ಇದನ್ನು ಬಿಚ್ಚಬಹುದು."

ಅವನು ನಕ್ಕು ಕೆಲಸ ಹಿಡಿದ. ಬಿದಿರಿನ ಆರು ಕಂಬ, ಬೋಲ್ಟಿನ ಜೋಡಣೆ, ಬುಡಕ್ಕೆ ಮರಳಿನ ಚೀಲ. ಮಾಡಿಗೆ ಹಳೆಯ ಲಾರಿಯ ತಾಡಪಾಲು, ತೇಪೆಗಳ ಸಮೇತ. ಚಳಿಗಾಲದಲ್ಲಿ ಬೆಳಿಗ್ಗೆ ಗಾಳಿ ಘಟ್ಟದಿಂದ ಕಡಲಿಗೆ ಇಳಿಯುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ತಿರುಗುತ್ತದೆ. ಎರಡಕ್ಕೂ ದಾರಿ ಬಿಡಬೇಕೆಂದು ಹಿಂದೆ ಗೋಡೆಯ ಬದಲು ತಾಡಪಾಲಿನ ಪಟ್ಟಿಗಳನ್ನು ಇಳಿಬಿಟ್ಟೆವು. ಕಡಲಿಗೆ ಮುಖ ಮಾಡಿ ಒಂದು ಉದ್ದನೆಯ ಬೆಂಚು. ಮೇಲೆ ಬೋರ್ಡು.

ಬೋರ್ಡನ್ನು ನಾನೇ ಬರೆದೆ. ಮೊದಲು ಮೂರು ವೇಳೆ: 7.10, 8.05, 9.20. ಕೆಳಗೆ ಒಂದು ಸಾಲು: ಇಲ್ಲಿ ಕಣ್ಣು ಮುಚ್ಚಿ ಕೂತವರನ್ನು ಎಬ್ಬಿಸಿ.

ಇಸಾಕನಿಗೆ ನವೀನನ ವಿಷಯ ಗೊತ್ತಿತ್ತು. ಓದಿದ. ಸ್ವಲ್ಪ ಹೊತ್ತು ಕೈ ಒರೆಸಿಕೊಂಡ.

"ಅಕ್ಷರ ದೊಡ್ಡದು ಮಾಡಿ," ಎಂದ. "ಲಾರಿ ಹಿಂದೆ ಬರೀತೇವಲ್ಲ, ಹಂಗೆ. ಸಣ್ಣದಿದ್ರೆ ಯಾರೂ ಓದೂದಿಲ್ಲ."

ಅಳಿಸಿ ದೊಡ್ಡದಾಗಿ ಬರೆದೆ.

ಹಬ್ಬದ ಮೊದಲ ದಿನ ಬೆಳಿಗ್ಗೆ ತಂಗುದಾಣ ಮರಳಿನ ಮೇಲೆ ನಿಂತಿತು. ಸಮಿತಿಯ ಕಾರ್ಯದರ್ಶಿ ಸಂಗಯ್ಯ ಬಂದರು. ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ. ಬೋರ್ಡು ಓದಿ ಕನ್ನಡಕ ತೆಗೆದರು.

"ಏನ್ರಿ ಮೇಡಂ ಇದು? ಹಬ್ಬ ಐತಿ. ಮಂದಿ ನಾಕು ಫೋಟೋ ತಗೊಂಡು ನಕ್ಕೋತ ಹೋಗಬೇಕು. ಇದನ್ನ ಓದಿದ್ರ ಎದಿ ಝಲ್ ಅಂತದ."

"ನಕ್ಷೆಯಲ್ಲಿ ಬೋರ್ಡು ಇತ್ತು."

"ಬೋರ್ಡ್ ಇತ್ತು, ಅಕ್ಷರ ಇರಲಿಲ್ಲ. 'ಕೂಡ್ರಿ, ನಗ್ರಿ' ಅಂತ ಬರೀರಿ. ಮುಗೀತು."

"ಬದಲಾಯಿಸುವುದಿಲ್ಲ."

ಅಷ್ಟರಲ್ಲಿ ಸುಭಾಷ್ ಬಂದರು. ಶಿರಸಿಯಿಂದ ಬೆಳಿಗ್ಗೆ ಹೊರಟು ಘಟ್ಟ ಇಳಿದು ಬಂದಿದ್ದರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಫಲಕ. ಬೆಂಚಿನ ಮೇಲಿಟ್ಟು ಬಿಚ್ಚಿದರು. ಸ್ಟೀಲಿನ ಮೇಲೆ ನವೀನನ ಫೋಟೋ, ಹುಟ್ಟಿದ ದಿನ, ಸತ್ತ ದಿನ, 'ಇವರ ಸ್ಮರಣಾರ್ಥ'. ನಮ್ಮ ಕಡೆ ರಸ್ತೆಯ ಎಷ್ಟೋ ಬೆಂಚುಗಳ ಮೇಲೆ ಇಂಥ ಹೆಸರುಗಳಿವೆ. ಅವುಗಳ ಮೇಲೆ ಬೆನ್ನು ಒರಗಿಸಿಯೇ ನಾವು ಬಸ್ಸು ಕಾಯುವುದು.

ಸಂಗಯ್ಯನವರ ಮುಖ ಅರಳಿತು. "ಇದು ಚಲೋ ಆತು ನೋಡ್ರಿ. ಆ ಬೋರ್ಡ್ ಇಳಸ್ರಿ, ಇದನ್ನ ಏರಸ್ರಿ. ಮರ್ಯಾದಿನೂ ಆತು."

ನಾನು ಬೇಡ ಎಂದೆ.

ಸುಭಾಷ್ ನನ್ನನ್ನು ಪಕ್ಕಕ್ಕೆ ಕರೆದರು. "ವರ್ಷಾಂತಿಕ ಆಜಿಲ್ಲೆ, ಆಗ್ಲೇ ಹಬ್ಬಕ್ಕೆ ಹೊಂಟ್ಲು ಹೇಳಿ ಜನ ಮಾತಾಡ್ತ. ಅವನ ಹೆಸರಿದ್ರೆ ಎಲ್ಲರ ಬಾಯಿ ಮುಚ್ಚತ್ತು. ನಿನ್ನ ಒಳ್ಳೇದಕ್ಕೇ ಹೇಳ್ತೆ."

"ಮಾತಾಡ್ಲಿ ಭಾವ."

"ಸ್ಟೀಲಿಂದು ಇದು. ತುಕ್ಕು ಹಿಡಿತಿಲ್ಲೆ."

"ಹತ್ತು ದಿನಕ್ಕೆ ತುಕ್ಕು ಹಿಡದ್ರೂ ಅಡ್ಡಿಲ್ಲೆ."

ಅವರು ಬೋರ್ಡಿನ ಕಡೆ ನೋಡಿದರು. ಎಂಟು ಐದು ಮತ್ತು ಒಂಬತ್ತು ಇಪ್ಪತ್ತರ ನಡುವೆ ಅವರ ಕಣ್ಣು ನಿಂತದ್ದು ನನಗೆ ಕಂಡಿತು.

"ಇದು ಎನಗೇ ಬರದ್ದಲ್ದಾ?"

ಹತ್ತು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಹೌದು ಎಂದುಬಿಡುವುದು ಸುಲಭವಿತ್ತು.

"ಮೂರು ಬಸ್ಸಿನವಕ್ಕೂ ಬರದ್ದು," ಎಂದೆ. "ಎನಗೂ. ಆ ದಿನ ಆನು ಫೋನ್ ಮಾಡಿದ್ದೆ. ತೆಗದ್ನಿಲ್ಲೆ ಹೇಳಿ ಸಿಟ್ಟು ಮಾಡ್ಕಂಡು ದೋಸೆ ತಿಂದೆ. ನಿಂಗಕ್ಕೊಬ್ಬರಿಗೇ ಬರದ್ದು ಹೇಳಿ ತಿಳ್ಕಳದು ಬ್ಯಾಡ."

ಅವರು ಹೋಗಿ ಬೆಂಚಿನ ಮೇಲಿದ್ದ ಫಲಕ ಎತ್ತಿಕೊಂಡರು.

ಸಂಗಯ್ಯ ಗಡಿಯಾರ ನೋಡಿದರು. ಅತಿಥಿಗಳು ಹನ್ನೊಂದಕ್ಕೆ ಬರುವವರಿದ್ದರು. "ಬೋರ್ಡ್ ಇಳಸ್ರಿ ಮೇಡಂ. ಇಲ್ಲಾಂದ್ರ ನಾನೇ ಇಳಸ್ಬೇಕಾಗ್ತದ."

ನಾನು ಚೀಲದಿಂದ ಪಾನಾ ತೆಗೆದು ಮುಂದಿನ ಕಂಬದ ಬೋಲ್ಟಿಗೆ ಹಾಕಿದೆ. ಒಂದು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಎರಡನೆಯದೂ ಬಂತು. ಮಾಡು ಒಂದು ಕಡೆ ವಾಲಿತು.

"ಏನ್ ಮಾಡ್ತೀರಿ?"

"ಬೋರ್ಡಿಗಾಗಿ ಕಟ್ಟಿದ್ದು ಇದು. ಬೋರ್ಡಿಲ್ಲದಿದ್ದರೆ ಇದೂ ಇಲ್ಲ. ಇಸಾಕನ ಲಾರಿ ಇನ್ನೂ ಇಲ್ಲೇ ಇದೆ. ಅರ್ಧ ಗಂಟೆಯಲ್ಲಿ ಖಾಲಿ ಮಾಡುತ್ತೇವೆ."

ಲಾರಿಯ ಹತ್ತಿರ ಚಹಾ ಕುಡಿಯುತ್ತಿದ್ದ ಇಸಾಕ್ ಲೋಟ ಕೆಳಗಿಟ್ಟು, ಹಿಂಬಾಗಿಲ ಸರಪಳಿ ಬಿಚ್ಚಿದ. ಬೇಕಂತಲೇ ಜೋರಾಗಿ ಸದ್ದು ಮಾಡಿದ.

"ಏ, ಇರ್ರಿ ಇರ್ರಿ. ಆಮಂತ್ರಣದಾಗ ಏಳು ಅಂತ ಅಚ್ಚಾಗೇತಿ. ಆರಾದ್ರ ಎಲ್ಲಾರೂ ನನ್ನ ಹಿಡಕೊಂಡು ಕೇಳ್ತಾರ." ಸಂಗಯ್ಯ ಹಣೆ ಒರೆಸಿಕೊಂಡರು. "ಸಣ್ಣ ವಯಸ್ಸಿನಾಕಿ, ಕಷ್ಟದಾಗ ಅದಾಳ, ಹೇಳಿದ್ದು ಕೇಳ್ತಾಳ ಅಂದಿದ್ರು ನನಗ."

"ಯಾರೋ ತಪ್ಪು ಹೇಳಿದ್ದಾರೆ."

"ಹೂಂ, ತಪ್ಪೇ ಹೇಳ್ಯಾರ." ಅವರು ಕನ್ನಡಕ ಹಾಕಿಕೊಂಡರು. "ಹತ್ತ ದಿನ. ಹನ್ನೊಂದನೇ ದಿನಕ್ಕ ಇದರ ಒಂದ್ ಕಡ್ಡೀನೂ ಇರಬಾರದು."

"ಅದು ನಿಮ್ಮದೇ ನಿಯಮ."

ಸಂಗಯ್ಯ ಹೋದ ಮೇಲೆ ಎರಡು ಬೋಲ್ಟುಗಳನ್ನು ಮತ್ತೆ ಬಿಗಿದೆ.

ಸುಭಾಷ್ ಊರಿಗೆ ಹಿಂದಿರುಗಲಿಲ್ಲ. ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು. ಅತಿಥಿಗಳು ಬಂದರು, ಹೋದರು. ಮಧ್ಯಾಹ್ನ ಗಾಳಿ ತಿರುಗಿತು, ಹಿಂದಿನ ಪಟ್ಟಿಗಳು ಘಟ್ಟದ ಕಡೆ ಹಾರತೊಡಗಿದವು. ಸುಭಾಷ್ ಬೆಳಗಿನ ಜಾವ ಎದ್ದ ಮನುಷ್ಯ. ಕಣ್ಣು ಮುಚ್ಚಿದರು, ತಲೆ ಎದೆಯ ಮೇಲೆ ಬಿತ್ತು.

ಆ ದಂಡೆಯಲ್ಲಿ ಶೇಂಗಾ ಮಾರುವ ದುರ್ಗಿ ಬುಟ್ಟಿ ಹೊತ್ತು ಬಂದು ನೆರಳಿಗೆ ನಿಂತಳು. "ಮೇಲೆ ಎಂತ ಬರದೀರಿ? ನಂಗೆ ಓದೂಕೆ ಬರೂದಿಲ್ಲ."

ಓದಿ ಹೇಳಿದೆ.

ಅವಳು ಬೆಂಚಿನ ತುದಿಗೆ ನೋಡಿದಳು. ಆಮೇಲೆ ನನ್ನನ್ನು. "ಮತ್ತೆ ನೀವು ಬರೆದು ಸುಮ್ನೆ ನಿತ್ಕಂಡ್ರೆ ಹೆಂಗೆ?" ಬುಟ್ಟಿ ಇಳಿಸಿ ಹೋಗಿ ಸುಭಾಷರ ಭುಜ ಹಿಡಿದು ಅಲ್ಲಾಡಿಸಿದಳು. "ಹೋಯ್ ಒಡೆಯಾ. ಏಳಿ. ಜೀವ ಉಂಟೋ ಇಲ್ಲೋ?"

ಅವರು ಬೆಚ್ಚಿ ಎದ್ದರು. ಫಲಕ ಜಾರಿ ಮರಳಿಗೆ ಬೋರಲಾಗಿ ಬಿತ್ತು.

"ಇದ್ದು," ಎಂದರು. "ಇದ್ದು ಮಾರಾಯ್ತಿ."

"ಹಂಗಾರೆ ಶೇಂಗಾ ತಗಣಿ."

ತೆಗೆದುಕೊಂಡರು. ಫಲಕವನ್ನು ಎತ್ತಿ, ಮರಳು ಕೊಡವಿ, ಟವೆಲಿನಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟರು. ಶೇಂಗಾ ಮುಗಿಯುವ ಹೊತ್ತಿಗೆ ಬೆಂಚಿನ ಇನ್ನೊಂದು ತುದಿಯಲ್ಲಿ ಉಣ್ಣೆ ಟೊಪ್ಪಿಯ ಮುದುಕನೊಬ್ಬ ಬಂದು ಕೂತಿದ್ದ. ಅವನ ಕಣ್ಣೂ ಮುಚ್ಚಿತ್ತು. ಸುಭಾಷ್ ಅವನನ್ನು ನೋಡಿದರು. ಬೋರ್ಡನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಅವನ ತೋಳು ಮುಟ್ಟಿದರು.

"ಬಸ್ ಬಂತಾ?" ಮುದುಕ ಕೇಳಿದ.

"ಇಲ್ಲ," ಎಂದರು ಸುಭಾಷ್. "ಸುಮ್ನೆ ಎಬ್ಬಿಸ್ದೆ."