ಹದಿನೆಂಟಾದ ಮೇಲೆ ಒಂದು

ಮಗ ಲಿಫ್ಟಿನೊಳಗೆ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದು ಅಳೆದ. ಮೂಲೆಯಿಂದ ಮೂಲೆಗೆ ಎಳೆದರೂ ಐದಡಿ ದಾಟಲಿಲ್ಲ. ಹೊರಗೆ ಸ್ಟ್ರೆಚರಿನ ಮೇಲೆ, ಬಿಳಿ ಹೊದಿಕೆಯಡಿ, ಅವನ ತಾಯಿ ಮಲಗಿದ್ದಳು.

"ಹಿಡಿಸಲ್ಲ. ಎಂಟು ಮಹಡೀನೂ ಮೆಟ್ಟಿಲಲ್ಲೇ ಇಳಿಸ್ಬೇಕು," ಎಂದ.

"ಒಳ್ಳೇದೇ ಆಯ್ತು ಬಿಡಿ ಸಾರ್," ಎಂದ ವಾಚ್‌ಮನ್. "ಅಜ್ಜಿಗೆ ಈ ಪೆಟ್ಟಿಗೆ ಕಂಡ್ರೇ ಆಗ್ತಿರ್ಲಿಲ್ಲ."

ಮಗುವಿಗೆ ಚಪ್ಪಲಿ ಹಾಕುತ್ತಿದ್ದ ಸೊಸೆ ತಲೆಯೆತ್ತಿದಳು. "ಅತ್ತೆ ದಿನಾ ಲಿಫ್ಟಲ್ಲೇ ಬರ್ತಿದ್ರಲ್ಲ?"

ವಾಚ್‌ಮನ್ ಸ್ಟ್ರೆಚರಿನ ಒಂದು ಹಿಡಿಗೆ ಕೈ ಹಾಕಿದ. ಇನ್ನೊಂದಕ್ಕೆ ಮಗ, ಹಿಂದಿನ ಎರಡಕ್ಕೆ ಅವನ ಜೊತೆ ಕೆಲಸ ಮಾಡುವ ಇಬ್ಬರು. ಸೊಸೆ ಮಗುವಿನ ಕೈ ಹಿಡಿದು ಹಿಂದೆ ನಡೆದಳು. ಈ ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ಅವಳು ಈ ಮೆಟ್ಟಿಲು ತುಳಿದಿರಲಿಲ್ಲ.

ಮಗು ಎಣಿಸತೊಡಗಿತು. ಹದಿನೆಂಟಕ್ಕೆ ನಿಂತು "ಉಸ್ಸಪ್ಪಾ" ಎಂದಿತು. ಆಮೇಲೆ ಮತ್ತೆ "ಒಂದು".

ಸೊಸೆಯ ಕಾಲು ನಿಂತೇಬಿಟ್ಟಿತು. ಹತ್ತೊಂಬತ್ತು ಕಲಿಸಲು ಅವಳು ಒಂದು ತಿಂಗಳಿಂದ ಹೆಣಗಿದ್ದಳು. ಹದಿನೆಂಟಾದ ಮೇಲೇನು ಎಂದರೆ ಮಗುವಿನದು ಒಂದೇ ಹಟ: ಒಂದು. 'ನಿಮ್ಮಮ್ಮ ಎಣಿಸೋದನ್ನೂ ಅರ್ಧಂಬರ್ಧ ಕಲಿಸ್ತಿದಾರೆ' ಎಂದು ಗಂಡನಿಗೆ ದೂರಿದ್ದಳು. ಈಗ ನೋಡಿದರೆ ಮಹಡಿಗೆ ಹದಿನೆಂಟೇ ಮೆಟ್ಟಿಲು.

ಆರನೆಯ ಮಹಡಿಯಲ್ಲಿ ಮೆಟ್ಟಿಲ ಪಕ್ಕ ಒಂದು ಮಡಚುವ ಕುರ್ಚಿ, ಅದರ ಮೇಲೊಂದು ದಿಂಬು. ಅಲ್ಲೇ ನಿಂತಿದ್ದ ನಿವೃತ್ತ ಮೇಷ್ಟ್ರು, "ಇಳಿಸಿ, ಸುಧಾರಿಸ್ಕೊಳ್ಳಿ," ಎಂದರು. "ಅವರೂ ಇಲ್ಲೇ ಸುಧಾರಿಸ್ಕೊಳ್ತಿದ್ರು."

"ಎಷ್ಟು ದಿನದಿಂದ?" ಮಗ ಕೇಳಿದ.

"ದಿನ ಏನಪ್ಪಾ, ಮೂರು ವರ್ಷ. ನಿನ್ನ ಹೆಂಡತಿ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದಾಗಿಂದ. ಮೊದಲು ಕುರ್ಚಿ ಕೊಟ್ಟಿದ್ದು ನಾನೇ. ಮೊಮ್ಮಗಳನ್ನ ಆಡಿಸೋಕೆ ಕರ್ಕೊಂಡು ಇಳಿದು ಹತ್ತುವಾಗ್ಲೂ ಇಲ್ಲೇ. ಒಂದಷ್ಟು ಹೊತ್ತು ಕೂತು ಮಂಡಿ ತಟ್ಟಿ, 'ಏಳಪ್ಪಾ ರಾಜ' ಅಂತ ಅದನ್ನೇ ಮಾತಾಡಿಸಿ ಏಳ್ತಿದ್ರು. ನಾನಿದ್ರೂ ನನಗೆ ಮಾತಿಲ್ಲ, ಮಂಡಿಗೇ ಮರ್ಯಾದೆ!"

ನಕ್ಕು, ಅವರು ಕುರ್ಚಿಯ ಮೇಲಿನ ದಿಂಬನ್ನು ತಟ್ಟಿ ಸರಿಮಾಡಿದರು.

* * *

ಸೋಮವಾರ ಬೆಳಿಗ್ಗೆ ಏಳೂವರೆಗೆ ಅತ್ತೆ ಫೋನ್ ಮಾಡಿದ್ದಳು: "ಗೇಟಿಗೆ ಬಂದೆ ಕಣಮ್ಮ." ಮನೆಯ ಬಾಗಿಲಿಗೆ ಬಂದಾಗ ಎಂಟೂ ಹತ್ತು. ಸೊಸೆಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಎಂಟೂವರೆಗೆ ಅಲ್ಲಿ ಮಾದರಿಯ ಬಾಟಲಿಗಳು ಬಂದು ಕೂರುತ್ತಿದ್ದವು.

"ಗೇಟಿಂದ ಇಲ್ಲಿಗೆ ನಲವತ್ತು ನಿಮಿಷಾನಾ ಅತ್ತೆ? ಕೆಳಗೆ ಎಲ್ಲರ ಯೋಗಕ್ಷೇಮ ವಿಚಾರಿಸ್ಕೊಂಡು ಬಂದ್ರಾ?"

"ಊರೆಲ್ಲ ಮಾತಾಡಿಸ್ಬೇಕಲ್ಲಮ್ಮ," ಎಂದು ಅತ್ತೆ ನಕ್ಕು, ಸೆರಗಿನಿಂದ ಕತ್ತು ಒರೆಸಿಕೊಂಡಿದ್ದಳು.

ಆ ನಗುವಿಗೇ ಸೊಸೆಯ ಸಿಟ್ಟು ನೆತ್ತಿಗೇರಿತ್ತು. "ನಾಳೆಯಿಂದ ಟೈಮಿಗೆ ಬರೋದಾದ್ರೆ ಬನ್ನಿ. ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆ ಯಾರನ್ನಾದ್ರೂ ಇಟ್ಕೋತೀನಿ." ಕಡ್ಡಿ ಮುರಿದಂತೆ ಹೇಳಿ, ಲಿಫ್ಟಿನ ಗುಂಡಿ ಒತ್ತಿ ಇಳಿದು ಹೋಗಿದ್ದಳು.

ಮಂಗಳವಾರ ಅತ್ತೆ ಎಂಟಕ್ಕೆ ಐದು ನಿಮಿಷವಿರುವಾಗಲೇ ಬಂದಳು. ಬುಧವಾರವೂ. ಗುರುವಾರ ಮಧ್ಯಾಹ್ನ ಮೊಮ್ಮಗಳ ಪಕ್ಕ ಮಲಗಿದವಳು ಮತ್ತೆ ಏಳಲಿಲ್ಲ.

* * *

ನಾಲ್ಕನೆಯ ಮಹಡಿಯಲ್ಲಿ ಬೆತ್ತದ ಕುರ್ಚಿ. ಅಲ್ಲಿ ಬಟ್ಟೆ ಹೊಲಿಯುವಾಕೆ, ಕತ್ತಿನಲ್ಲಿ ಅಳತೆ ಟೇಪು ಇದ್ದಂತೆಯೇ, ಬಾಗಿಲಿಗೆ ಬಂದಳು.

"ಅಜ್ಜಿ ಆಸ್ಪತ್ರೆ ಲಾಂಡ್ರೀಲಿ ಕೆಲಸಕ್ಕಿದ್ದಾಗ ಸಾಮಾನಿನ ಲಿಫ್ಟು ಮಧ್ಯದಲ್ಲಿ ಸಿಕ್ಕಾಕ್ಕೊಂಡಿತ್ತಂತೆ," ಎಂದಳು. "ಕರೆಂಟಿಲ್ಲ, ಸುತ್ತ ಒದ್ದೆ ಹಾಸಿಗೆ ಬಟ್ಟೆ, ಮೂರು ಗಂಟೆ ಒಬ್ರೇ. ಅವತ್ತಿಂದ ರಿಟೈರಾಗೋವರ್ಗೂ ಮೂಟೆ ಹೆಗಲಿಗೇರಿಸ್ಕೊಂಡು ಮೆಟ್ಟಿಲೇ ಹತ್ತಿದ್ರು."

"ಹತ್ತೋದನ್ನ ನೋಡಿದೀನಿ," ಎಂದ ಮಗ. "ಲಿಫ್ಟು ಪೇಷಂಟ್‌ಗಳಿಗೆ ಮಾತ್ರ ಅಂತಿದ್ಲು. ನಂಬಿದ್ದೆ."

"ನಮಗ್ಯಾಕೆ ಹೇಳ್ಲಿಲ್ಲ?" ಸೊಸೆ ಕೇಳಿದಳು.

"ಹೇಳಿದ್ರೆ ಮಗ ಮನೆ ಮಾರ್ತಾನೆ, ಇಲ್ಲಾ ಸೊಸೆ ಕೆಲಸ ಬಿಡ್ತಾಳೆ, ಎರಡೂ ಬೇಡ ಅಂತಿದ್ರು."

ಕೇಳಬೇಕೋ ಬೇಡವೋ ಎಂದು ಸೊಸೆ ಹೊಯ್ದಾಡಿದಳು. ಕೇಳದೆ ಈ ಮೆಟ್ಟಿಲು ಇಳಿಯಲಾರಳು. "ಈ ಸೋಮವಾರ... ನಾನೇನೋ ಅಂದಿದ್ದೆ. ಅದನ್ನ ಹೇಳಿದ್ರಾ?"

"ಹೇಳಿದ್ರು," ಎಂದಳು ಹೊಲಿಗೆಯಾಕೆ. "ಮಂಗಳವಾರ ಏಳೂ ನಲವತ್ತಕ್ಕೆಲ್ಲ ಇಲ್ಲಿದ್ರು. ಯಾಕಜ್ಜಿ ಇಷ್ಟು ಬೇಗ ಅಂದೆ. 'ಸೊಸೆ ಬೈದ್ಲು' ಅಂದ್ರು. ಬೇಜಾರಾಯ್ತಾ ಅಂದೆ. 'ಬೇಜಾರ್ಯಾಕೆ? ನಲವತ್ತು ನಿಮಿಷ ಹರಟೆ ಹೊಡೆದು ಬಂದೋಳ ಥರ ಕಂಡೆ ಅಂದ್ರೆ, ನನ್ನ ಮಂಡಿ ಇನ್ನೂ ಮಾನ ಉಳಿಸಿದೆ ಅಂತ ತಾನೆ' ಅಂತ ನಕ್ರು." ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆದ್ರೆ ಅವತ್ತಿಂದ ಇಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಕೂರ್ತಿರ್ಲಿಲ್ಲ."

ಸೊಸೆ ಮುಂದಕ್ಕೆ ಬಾಗಿ, ಸ್ಟ್ರೆಚರಿನಿಂದ ಜಾರಿದ್ದ ಹೊದಿಕೆಯನ್ನು ಅತ್ತೆಯ ಮಂಡಿಗಳ ಮೇಲೆ ಎಳೆದು ಸರಿಮಾಡಿದಳು.

* * *

ಎಲ್ಲ ಮುಗಿಸಿ ಹಿಂದಿರುಗಿದಾಗ ಸಂಜೆ ಐದು. ಲಿಫ್ಟು ಕೆಳಗೇ ನಿಂತಿತ್ತು, ಬಾಗಿಲು ತೆರೆದು. ಗಂಡ ಒಳಗೆ ಹೋಗಿ ಗುಂಡಿ ಒತ್ತಿ ಹಿಡಿದ.

"ನೀವು ಹೋಗಿ," ಎಂದು ಅವಳು ಮಗುವಿನೊಂದಿಗೆ ಮೆಟ್ಟಿಲ ಕಡೆ ತಿರುಗಿದಳು.

ಎರಡನೆಯ ಮಹಡಿಯಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲಿತ್ತು. ಮೆಟ್ಟಿಲ ಮೇಲೆ ಸಾಮಾನು ಇಡಬಾರದೆಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ವಾರಕ್ಕೊಮ್ಮೆ ಕೂಗಾಡುತ್ತಿದ್ದರಂತೆ. ವಾಚ್‌ಮನ್ ಅದನ್ನು ಸಂಜೆ ಎತ್ತಿಟ್ಟು, ಬೆಳಿಗ್ಗೆ ಮತ್ತೆ ತಂದಿಡುತ್ತಿದ್ದ. ಇವತ್ತು ಎತ್ತಿರಲಿಲ್ಲ.

"ಹದಿನೆಂಟು. ಉಸ್ಸಪ್ಪಾ," ಎಂದು ಮಗು ಸ್ಟೂಲು ಹತ್ತಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ಅಂಚಿಗೆ ಸರಿದು ಕೂತಿತು.

ಅವಳು ಆ ಜಾಗದಲ್ಲಿ ಕೂರಲಿಲ್ಲ. ಪಕ್ಕದ ಮೆಟ್ಟಿಲ ಮೇಲೆ ಕುಸಿದು, ಸೆರಗಿನಿಂದ ಕತ್ತು ಒರೆಸಿಕೊಂಡಳು. ಮಗು ಸ್ಟೂಲಿನಿಂದ ಇಳಿದು ಬಂತು. ಪುಟ್ಟ ಅಂಗೈಯಿಂದ ತಾಯಿಯ ಮಂಡಿಯನ್ನು ಎರಡು ಸಲ ತಟ್ಟಿತು.

"ಏಳಪ್ಪಾ ರಾಜ," ಎಂದಿತು.