ಗೋಡೆ ಎಂಬ ಹೆಸರಿನ ಫೋಲ್ಡರು

ಬೂದು ಬಣ್ಣದ ಖಾಲಿ ಚೌಕಗಳು, ಒಂದರ ಪಕ್ಕ ಒಂದು, ಬೆರಳಿಂದ ಎಷ್ಟು ಕೆಳಗೆ ಎಳೆದರೂ ಬೂದು, ನೆಟ್‌ವರ್ಕ್ ಇಲ್ಲವೇನೋ, ಇದೆಯಲ್ಲ, ಮೂರು ಗೆರೆ ತೋರಿಸುತ್ತಿದೆ, ಈಗ ಬರುತ್ತವೆ, ಕ್ಲೌಡ್‌ನಿಂದ ಇಳಿದು ಬರುವುದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಸೌಸನ್ ತನಗೆ ತಾನೇ ಹೇಳಿಕೊಂಡಳು, ಒಲೆಯ ಮೇಲೆ ಚಹಾ ಉಕ್ಕಿದ ಸದ್ದು, ಹೋಗಲಿಲ್ಲ, ಹೋದರೆ ಅಷ್ಟರಲ್ಲಿ ಇರುವುದೂ ಮಾಯವಾದೀತು ಅನ್ನುವ ಹಾಗೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು — ಚೌಕಗಳೂ ಹೋದವು, ಬಿಳಿಯ ಮೇಲೆ ಒಂದೇ ಸಾಲು, ಈ ಫೋಲ್ಡರಿನಲ್ಲಿ ಏನೂ ಇಲ್ಲ. ಏನೂ ಇಲ್ಲ ಅಂದರೇನು, ಎರಡು ವರ್ಷದ ಗೋಡೆ ಇತ್ತಲ್ಲ, ಶುಕ್ರವಾರಕ್ಕೊಂದು ಫೋಟೋ, ಮೊದಲ ವರ್ಷ ಗಂಡ ರವೂಫ್ ತೆಗೆದದ್ದು, ಅವನು ಸತ್ತ ಮೇಲೆ ಇವಳು, ಮಂಚದ ತಲೆದೆಸೆಯ ಅದೇ ಬಿರುಕು, ಅಳತೆಗೆಂದು ಪಕ್ಕದಲ್ಲಿ ಅದೇ ಪೆನ್ಸಿಲು, ತಾರೀಕು ಬರೆದ ಚೀಟಿ, ಎಷ್ಟು ಜ್ವರವಿದ್ದರೂ ಒಂದು ವಾರ ತಪ್ಪಿಸಿದವಳಲ್ಲ. ಗಂಟೆ ಎಂಟು. ಹತ್ತಕ್ಕೆ ಪಾಲಿಕೆಯ ಎಂಜಿನಿಯರ್ ಬರುತ್ತಾರೆ, ಏಳು ಅರ್ಜಿ ಬರೆದ ಮೇಲೆ ಒಂದು ಸಲ ಬರುತ್ತಿದ್ದಾರೆ, ಇವತ್ತು ತಪ್ಪಿದರೆ ಇನ್ನೊಂದು ವರ್ಷ ಯಾರು ಬರುತ್ತಾರೆ, ಆ ಬಿರುಕು ಇಪ್ಪತ್ತು ವರ್ಷದ್ದು ಅನ್ನುತ್ತಾನೆ ಕಟ್ಟಡದ ಯಜಮಾನ ಹಾಜಿ ಮಿತ್ವಲ್ಲಿ, ಈ ಅಲೆಕ್ಸಾಂಡ್ರಿಯದಲ್ಲಿ ಸಮುದ್ರದ ಗಾಳಿಗೆ ಗೆರೆ ಬೀಳದ್ದು ಯಾವುದಿದೆ ಟೀಚರಮ್ಮ, ನನ್ನ ಮುಖಕ್ಕೆ ಬಿದ್ದಿಲ್ವಾ, ನಿಮ್ಮ ಮುಖಕ್ಕೆ ಬಿದ್ದಿಲ್ವಾ — ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕಿದ್ದರು, ಇವಳಿಗೂ ನಗು ಬಂದಿತ್ತು, ಅದೇ ಸಿಟ್ಟು. ಹಳೆಯ ಫೋಟೋ ಇಲ್ಲದೆ ಹೋದರೆ ಅದು ಬರೀ ಬಿರುಕು, ಫೋಟೋ ಇದ್ದರೆ ಅದು ಬೆಳೆಯುತ್ತಿರುವ ಬಿರುಕು, ಐದು ಮಹಡಿ, ಹನ್ನೊಂದು ಮನೆ, ಎರಡನೆಯ ಮಹಡಿಯಲ್ಲಿ ನಡೆಯಲಾರದ ಫಿರ್ಯಾಲ್ ಅಜ್ಜಿ.

ಟ್ಯಾಬ್ಲೆಟ್ಟಿನಲ್ಲಿ ಇರಬೇಕು, ಡ್ರಾಯರಿನಿಂದ ತೆಗೆದಳು, ಅಲ್ಲೂ ಬಿಳಿ, ಆಗ ನೆನಪಾಯಿತು, ಶನಿವಾರ ತಾನೇ, ಜಾಗ ಸಾಲುತ್ತಿಲ್ಲ ಎಂದು ಅದು ಬಡಿದುಕೊಳ್ಳುತ್ತಿತ್ತು, ಈ ಫೋಟೋಗಳು ಫೋನಿನಲ್ಲೂ ಇವೆ, ಕ್ಲೌಡ್‌ನಲ್ಲೂ ಇವೆ, ಮೂರು ಕಡೆ ಇರುವುದನ್ನು ಒಂದು ಕಡೆ ಅಳಿಸಿದರೆ ಏನಂತೆ ಎಂದು ಇದೇ ಬೆರಳಿನಿಂದ ಒತ್ತಿದ್ದಳು, ಖಚಿತವೇ ಎಂದು ಅದು ಕೇಳಿತ್ತು, ಖಚಿತ ಎಂದಿದ್ದಳು, ಎಷ್ಟು ಹಗುರವೆನಿಸಿತ್ತು ಆಗ. ಸುಸ್ತಾದ ಯಂತ್ರವನ್ನು ಆರಿಸಿ ಹಚ್ಚಿದರೆ ಸರಿಹೋಗುತ್ತದಲ್ಲ, ಹಾಗೇ ಅಂದುಕೊಂಡು ಎರಡರಲ್ಲೂ ಲಾಗ್ ಔಟ್ ಒತ್ತಿದಳು, ಆಮೇಲೆ ಅಸಿಯೂತ್‌ನಲ್ಲಿ ದಂತವೈದ್ಯಕೀಯ ಓದುತ್ತಿರುವ ಮಗಳು ಲುಜೈನ್‌ಗೆ ಫೋನ್ ಮಾಡಿದಳು, ಅವಳಿನ್ನೂ ನಿದ್ದೆಗಣ್ಣಲ್ಲಿ, ಅಮ್ಮಾ, ಅವು ಮೂರು ಪೆಟ್ಟಿಗೆ ಅಲ್ಲ, ಒಂದೇ ಪೆಟ್ಟಿಗೆಗೆ ಮೂರು ಕಿಟಕಿ, ಎಷ್ಟು ಸಲ ಹೇಳಿದೀನಿ, ಒಂದು ಕಡೆ ತೆಗೆದ್ರೆ ಎಲ್ಲಾ ಕಡೆ ಹೋಗತ್ತೆ, ಇರಲಿ ಬಿಡು, ಕಸದ ಬುಟ್ಟಿಯಲ್ಲಿ ತಿಂಗಳು ಇಟ್ಕೊಂಡಿರತ್ತೆ, ತೆಗೀಬಹುದು, ಲಾಗ್ ಔಟ್ ಒಂದು ಮಾಡ್ಬೇಡ ಅಷ್ಟೇ, ಆ ಅಕೌಂಟು ಅಪ್ಪನ ನಂಬರಿನ ಮೇಲಿದೆ. ಮಾಡಿಬಿಟ್ಟೆ ಕಣೇ. ಅಮ್ಮಾ. ಹೂಂ. ಎರಡರಲ್ಲೂ? ಎರಡರಲ್ಲೂ. ಪಾಸ್‌ವರ್ಡ್ ನೆನಪಿತ್ತು, ಮಗಳು ಹುಟ್ಟಿದ ದಿನವನ್ನೇ ಅವನು ಹಿಂದುಮುಂದಾಗಿ ಇಟ್ಟಿದ್ದ, ಆದರೆ ನಲವತ್ತೇಳರಲ್ಲಿ ಮುಗಿಯುವ ನಂಬರಿಗೆ ಆರಂಕಿಯ ಕೋಡು ಕಳಿಸಿದ್ದೇವೆ ಎನ್ನುತ್ತಿದೆ ಪರದೆ, ನಲವತ್ತೇಳು ರವೂಫ್‌ನದು, ರೀಚಾರ್ಜ್ ಇಲ್ಲದೆ ಆ ನಂಬರು ಎಂದೋ ಸತ್ತಿದೆ, ಈಗ ಯಾರ ಕೈಯಲ್ಲಿದೆಯೋ, ಅಮ್ಮಾ ಆ ನಂಬರಿಗೇ ಫೋನ್ ಮಾಡಿ ನೋಡು ಎಂದಳು ಲುಜೈನ್.

ಅವನ ಹೆಸರನ್ನು ಒತ್ತುವುದು ಹೇಗೆ, ಒತ್ತಿದಳು, ಪರದೆಯ ಮೇಲೆ ಅವನ ಮುಖ ಬಂತು, ಮಾಮೂರಾ ಎಂಬಲ್ಲಿಯ ಕಡಲ ದಂಡೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಮುಖ, ರಿಂಗಾಗುತ್ತಿದೆ, ಎತ್ತಿದರು — ಹಲೋ, ಹೆಂಗಸಿನ ದನಿ, ಹಿಂದೆ ಹೊಲಿಗೆ ಯಂತ್ರದ ಕಟಕಟ, ರವೂಫ್‌ನ ಮುಖದಿಂದ ಹೆಂಗಸಿನ ದನಿ. ಅಕ್ಕಾ, ಈಗ ನಿಮ್ಮ ಫೋನಿಗೆ ಒಂದು ಕೋಡು ಬಂದಿರಬೇಕು, ಆರು ಅಂಕಿ, ಅದನ್ನ ಸ್ವಲ್ಪ ಓದಿ ಹೇಳ್ತೀರಾ. ಓ, ಬಂದ್ಯಾ, ನಿನ್ನಂಥೋರಿಗೇ ಕಾಯ್ತಿದ್ದೆ ನೋಡು, ನನ್ನ ತಂಗಿಗೂ ಹೀಗೇ ಅಕ್ಕಾ ಅಕ್ಕಾ ಅಂತ ಬೆಣ್ಣೆ ಹಚ್ಚಿ ಕೋಡು ಕೇಳಿದ್ರು, ಆಮೇಲೆ ಅವಳ ಹೆಸರಲ್ಲಿ ಊರಿಗೆಲ್ಲ ಮೆಸೇಜು, ನಾಚಿಕೆ ಆಗಲ್ವೇನೇ, ಇಡು ಫೋನು. ಕಟ್. ಎಂಟೂವರೆ. ಮತ್ತೆ ಮಾಡಿದಳು, ಎತ್ತಲಿಲ್ಲ, ಮತ್ತೆ, ಆ ಹೆಂಗಸು ಕಟ್ ಮಾಡಿದಳು, ಅವಳದ್ದೇನು ತಪ್ಪು, ತಾನಾಗಿದ್ದರೂ ಕೊಡುತ್ತಿರಲಿಲ್ಲ, ಕೋಡು ಯಾರಿಗೂ ಹೇಳಬೇಡಿ ಎಂದು ತಾನೇ ಮಕ್ಕಳಿಗೆ ತರಗತಿಯಲ್ಲಿ ಹೇಳುವುದಿಲ್ಲವೇ, ಮೆಸೇಜು ಬರೆದಳು, ಈ ನಂಬರು ತೀರಿಹೋದ ನನ್ನ ಗಂಡನದು, ಹೆಸರು ರವೂಫ್, ನನಗೆ ಬೇಕಿರುವುದು ಅವರು ತೆಗೆದ ಗೋಡೆಯ ಫೋಟೋಗಳು, ಮನೆ ಬೀಳುವ ಹಾಗಿದೆ — ಓದಿಕೊಂಡರೆ ಸುಳ್ಳಿನ ಹಾಗೇ ಕಾಣುತ್ತದೆ, ಗೋಡೆಯ ಫೋಟೋ ಅಂತೆ, ಯಾರು ನಂಬುತ್ತಾರೆ, ಕಳಿಸಿದಳು. ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಆ ಹೆಂಗಸೇ ಮಾಡಿದಳು, ಪರದೆಯಲ್ಲಿ ರವೂಫ್ ಕರೆಯುತ್ತಿದ್ದಾನೆ. ನಾನು ಹಾತಿಮ್‌ನ ಅಮ್ಮ, ದಮನ್‌ಹೂರಲ್ಲಿ ಬಟ್ಟೆ ಹೊಲೀತೀನಿ, ನಂಬಿದೀನಿ ಅಂತ ತಿಳ್ಕೋಬೇಡ, ಒಂದು ಮಾತು ಕೇಳ್ತೀನಿ, ಈ ನಂಬರಿಗೆ ಪ್ರತಿ ಶುಕ್ರವಾರ ಒಬ್ರು ಅಜ್ಜ ಫೋನ್ ಮಾಡ್ತಾರೆ, ರವೂಫ್ ಎಲ್ಲಿ ಅಂತಾರೆ, ಆಮೇಲೆ ಪ್ರತಿ ಸಲ ಒಂದೇ ಪ್ರಶ್ನೆ, ನೀನು ಅವನ ಹೆಂಡ್ತಿನೇ ಆಗಿದ್ರೆ ಏನು ಕೇಳ್ತಾರೆ ಹೇಳು. ಅಜ್ಜ, ಯಾವ ಅಜ್ಜ — ಶಾಬಾನ್ ಚಿಕ್ಕಪ್ಪ, ರಶೀದ್ ಊರಿನಲ್ಲಿರುವ ರವೂಫ್‌ನ ಶಾಬಾನ್ ಚಿಕ್ಕಪ್ಪ, ನೆನಪು ಕಳಕೊಂಡವರು, ಅವರಿಗೆ ಸಾವಿನ ಸುದ್ದಿ ಯಾರೂ ಹೇಳಿರಲಿಲ್ಲ, ಹೇಳಿದಷ್ಟು ಸಲವೂ ಅವರಿಗೆ ಹೊಸದಾಗಿ ಸಾಯುತ್ತಾನಲ್ಲ, ಏನು ಕೇಳುತ್ತಾರೆ, ಮೀನೇ, ಬಲೆಯೇ, ಇಲ್ಲ, ಮಾಳಿಗೆಯ ಗೂಡು, ಆ ಗೂಡಿನಿಂದ ಹಾರಿಹೋದದ್ದು — ಪಾರಿವಾಳ, ಬೂದು ಪಾರಿವಾಳ ನಿಮ್ಮ ಕಡೆ ಬಂತಾ ಅಂತ ಕೇಳ್ತಾರೆ, ಕುತ್ತಿಗೆಗೆ ಬಿಳಿ ಪಟ್ಟಿ ಇರೋದು. ಯಂತ್ರದ ಕಟಕಟ ನಿಂತಿತು. ಅಯ್ಯೋ ನನ್ನವ್ವಾ, ತೀರಿಹೋದ್ರಾ, ನಾನು ಆ ಅಜ್ಜಂಗೆ ಹೊರಗೆ ಹೋಗಿದಾರೆ, ಸಂಜೆ ಬರ್ತಾರೆ, ಬಂತು ಬಂತು ಪಾರಿವಾಳ ಅಂತ ಹೇಳ್ತಾ ಇದ್ದೀನಲ್ಲೇ ಎಂಟು ತಿಂಗಳಿಂದ. ಹಾಗೇ ಹೇಳಿ ಅಕ್ಕಾ, ಹಾಗೇ ಹೇಳ್ತಾ ಇರಿ. ಮೂಗು ಒರೆಸಿಕೊಂಡ ಸದ್ದು, ಆ ಕೋಡು ಹಳೇದು ಆಗಿರತ್ತೆ, ಇನ್ನೊಂದು ಸಲ ಕಳಿಸು ಅಂದಳು, ಸೌಸನ್ ಮತ್ತೆ ಕಳಿಸಿದಳು, ಎಂಟು, ಸೊನ್ನೆ, ಮೂರು, ಮೂರು, ಒಂದು, ಆರು — ಒಂದೊಂದು ಅಂಕಿಯನ್ನೂ ಮಗುವಿನ ಕೈಗೆ ಮೊಟ್ಟೆ ಕೊಟ್ಟ ಹಾಗೆ ಕೊಟ್ಟಳು ಹಾತಿಮ್‌ನ ಅಮ್ಮ.

ಕಸದ ಬುಟ್ಟಿಯಲ್ಲಿ ನೂರ ಮೂರು ಫೋಟೋ, ಎಲ್ಲವನ್ನೂ ಮರಳಿಸು ಎಂದು ಒತ್ತಿದಳು, ನಿಧಾನ, ಎಷ್ಟು ನಿಧಾನ, ಹದಿನೇಳು, ಇಪ್ಪತ್ತೆರಡು, ಕೆಳಗೆ ಕಾರಿನ ಬಾಗಿಲು ಬಡಿದ ಸದ್ದು, ನಲವತ್ತು, ಹಾಜಿ ಮಿತ್ವಲ್ಲಿಯ ಬನ್ನಿ ಬನ್ನಿ ಸಾರ್ ಮೆಟ್ಟಿಲಲ್ಲಿ ಏರಿ ಬರುತ್ತಿದೆ, ಎಪ್ಪತ್ತೊಂದು, ಎಂಜಿನಿಯರ್ ಬಾಸಿಲಿ ದಪ್ಪ ಮನುಷ್ಯ, ನಾಲ್ಕನೆಯ ಮಹಡಿ ಹತ್ತಿ ಮಾತಾಡಲಾರದೆ ಕುರ್ಚಿ ಹಿಡಿದು ನಿಂತರು, ನೀರು ಕೊಟ್ಟಳು, ಅವರು ಬಿರುಕಿನ ಮೇಲೆ ಅಂಗೈ ಇಟ್ಟು, ಇದು ಹಳೇದೂ ಇರಬಹುದಮ್ಮ ಅಂದರು, ಅದನ್ನೇ ನಾನೂ ಹೇಳಿದ್ದು ಸಾರ್, ಸುಣ್ಣ ಹೊಡೆದ್ರೆ ಮುಗೀತು, ಟೀಚರಮ್ಮಂಗೆ ಒಬ್ಬರೇ ಇದ್ದು ಇದ್ದು ಭಯ ಅಂದ ಮಿತ್ವಲ್ಲಿ, ನೂರ ಮೂರು, ಇವಳು ಫೋನನ್ನು ಎಂಜಿನಿಯರ್ ಕೈಗೆ ಕೊಟ್ಟಳು. ಅವರ ಹೆಬ್ಬೆರಳು ಸರಿಸುತ್ತ ಹೋಯಿತು, ಮೊದಲ ಶುಕ್ರವಾರ ಪೆನ್ಸಿಲಿನ ಮೊನೆಯೂ ಹಿಡಿಸದ ಕೂದಲೆಳೆ, ಹತ್ತನೆಯದು, ಇಪ್ಪತ್ತನೆಯದು, ಬೇಗ ಬೇಗ ಸರಿಸಿದರೆ ಗೋಡೆ ಬಾಯಿ ತೆರೆಯುವುದು ಕಾಣುತ್ತದೆ, ಮಿತ್ವಲ್ಲಿಯೂ ಬಗ್ಗಿ ನೋಡುತ್ತಿದ್ದಾನೆ, ಅವನ ಉಸಿರಿನಲ್ಲಿ ಏಲಕ್ಕಿ ಕಾಫಿಯ ವಾಸನೆ, ನಲವತ್ತೊಂಬತ್ತರಲ್ಲಿ ಹೆಬ್ಬೆರಳು ನಿಂತಿತು. ಇದೇನಮ್ಮ. ಅದು ಬರೀ ಕಪ್ಪು ಸಾರ್, ತಪ್ಪಿ ಬಿದ್ದ ಫೋಟೋ, ನನ್ನ ಗಂಡ ಕೊನೇಗೆ ತೆಗೆದದ್ದು, ಅಳಿಸೋಕೆ ಮನಸ್ಸು ಬರಲಿಲ್ಲ. ತಪ್ಪಿ ಬಿದ್ದದ್ದಲ್ಲ ಎಂದು ಅವರು ಪರದೆಯ ಬೆಳಕು ಏರಿಸಿದರು, ಕಪ್ಪಿನ ನಡುವೆ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ, ಕೊಂಕಿ ಕೊಂಕಿ, ಬಿರುಕಿನದೇ ಆಕಾರ. ಗೋಡೆಯ ಆಚೆ ಏನಿದೆ? ಮೆಟ್ಟಿಲು. ಆಚೆ ಮೆಟ್ಟಿಲಲ್ಲಿ ದೀಪ ಇಟ್ಟು, ಈಚೆ ಕಿಟಕಿ ಮುಚ್ಚಿ ತೆಗೆದಿದಾರೆ, ನಾವೂ ಹೀಗೇ ಪರೀಕ್ಷೆ ಮಾಡೋದು, ಗೋಡೆ ಪೂರ್ತಿ ಸೀಳಿದೆ, ಅವರಿಗೆ ಗೊತ್ತಿತ್ತಮ್ಮ — ಆಮೇಲೆ ಅವರ ದನಿಯೇ ಬೇರೆಯಾಯಿತು, ಹಾಜಿ, ಎಲ್ಲರನ್ನೂ ಕೆಳಗಿಳಿಸಿ, ಈಗಲೇ, ಸಾಮಾನು ಆಮೇಲೆ, ಒಬ್ಬೊಬ್ಬರಾಗಿ, ಓಡಬಾರದು.

ಬೀದಿಯ ಆಚೆ ಬದಿಯ ಕಾಲುದಾರಿ, ಹನ್ನೊಂದು ಮನೆಯವರೂ ಇದ್ದಾರೆ, ಫಿರ್ಯಾಲ್ ಅಜ್ಜಿಯನ್ನು ಮಿತ್ವಲ್ಲಿಯೇ ಬೆನ್ನ ಮೇಲೆ ಹೊತ್ತು ತಂದ, ನಿಧಾನ ಕಣೋ ಹಾಜಿ, ನಾನೇನು ಅಕ್ಕಿ ಮೂಟೆಯಾ ಎಂದು ಅವಳು ಬೈಯುತ್ತಿದ್ದಳು, ಪೊಲೀಸರು ಹಗ್ಗ ಕಟ್ಟುತ್ತಿದ್ದಾರೆ, ಮರದ ಆಸರೆ ತುಂಬಿದ ಲಾರಿ ಬಂತು, ಯಾರೋ ಇವಳ ಭುಜ ತಟ್ಟಿ ನೀವಿಲ್ದೇ ಹೋಗಿದ್ರೆ ಅಂದರು, ಲುಜೈನ್ ಅಳುತ್ತ ಫೋನಿನಲ್ಲಿ ಏನೋ ಹೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ, ಆ ಫೋಟೋದ ತಾರೀಕು ಫೆಬ್ರವರಿ ಹದಿನಾಲ್ಕು, ಇಪ್ಪತ್ತಕ್ಕೆ ಅವನು ಟ್ರಾಮಿನಲ್ಲಿ ಕೂತಲ್ಲೇ ಹೋದ, ನಡುವೆ ಆರು ದಿನ, ಆರು ದಿನ ಅವನಿಗೆ ಗೊತ್ತಿತ್ತು, ಅವತ್ತೇ ಅಲ್ಲವೇ ಬೇಳೆ ಸಾರಿಗೆ ನಿಂಬೆ ಹಿಂಡುತ್ತ ಬರೀ ಪ್ಲಾಸ್ಟರ್ ಕಣೇ, ಊಟ ಮಾಡು ಅಂದದ್ದು, ಲುಜೈನ್‌ಳ ಪರೀಕ್ಷೆ ಮುಗಿಯಲಿ ಎಂದಿದ್ದನೇ, ಬೇರೆ ಮನೆ ಹುಡುಕುತ್ತಿದ್ದನೇ, ಇವಳ ನಿದ್ದೆ ಕೆಡಿಸಬಾರದೆಂದೇ, ಆಮೇಲೆ ಒಂದು ವರ್ಷ ಇವಳು ಅದೇ ಮಂಚದಲ್ಲಿ, ಅದೇ ಗೋಡೆಗೆ ತಲೆ ಕೊಟ್ಟು, ಮೆಟ್ಟಿಲಲ್ಲಿ ದೀಪ ಇಟ್ಟು ಅವನು ಒಳಗೆ ಬಂದಿರುತ್ತಾನೆ, ಕಿಟಕಿ ಮುಚ್ಚಿರುತ್ತಾನೆ, ಕತ್ತಲಲ್ಲಿ ಒಬ್ಬನೇ ನಿಂತಿರುತ್ತಾನೆ, ಮತ್ತು ಅವನೆದುರು, ಮೇಲಿಂದ ಕೆಳಗೆ, ಬಿಳಿ ಗೆರೆ — ಯಾಕೆ ಹೇಳಲಿಲ್ಲ, ಬಿಳಿ ಗೆರೆ — ಹೇಳಬೇಕೆಂದು ಬಾಯಿ ತೆರೆದಿದ್ದನೇ, ಕಪ್ಪು, ಕಪ್ಪಿನ ನಡುವೆ ಆ ಬಿಳಿ ಗೆರೆ, ಆ ಬಿಳಿ ಗೆರೆ